ಎರಡು ಸುತ್ತು ಹಿಂದಕ್ಕೆ

14 ಜನವರಿ 1992

ಗುಬ್ಬಿ,

ನಾನಿದ್ದೀನಿ. ನೀನೂ ಇದ್ದೀಯ ಅಂದ್ಕೊಂಡು ಬರೀತಿದ್ದೀನಿ. ಹೋದ ಸಲ ನಿನ್ನಿಂದ ಬಂದದ್ದು ಮೂರೇ ಮೂರು ಸಾಲು. ಮೇಷ್ಟ್ರಿಗೆ ಅಕ್ಷರಕ್ಕೇನು ಬರ ಬಂತು? ಐದನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಇಷ್ಟುದ್ದ ಬರೀತೀನಿ, ನೀನು ತಂತಿ ಕಳಿಸೋ ಹಾಗೆ ಬರೀತೀಯ. ರಜೆಗೂ ಬರಲಿಲ್ಲ. ನಾನು ಹೋದ ವರ್ಷ ನಿನ್ನ ಹೆಂಡತಿಗೆ ಏನೋ ಅಂದೆ ಅಂತ ಮುನಿಸೋ? ಅಂದದ್ದು ನಿಜ. ಅವಳು ಎರಡು ದಿನಕ್ಕೆ ಮರೆತಳು, ನೀನು ವರ್ಷದಿಂದ ಹಿಡ್ಕೊಂಡು ಕೂತಿದ್ದೀಯ. ಸಿಟ್ಟಿದ್ರೆ ನೇರವಾಗಿ ಹೇಳು. ಫೋನ್ ಮಾಡು ಅಂತ ಮಾತ್ರ ಹೇಳಬೇಡ. ಅಂಗಡಿಯವನ ಫೋನಲ್ಲಿ ನಾನು ಬಾಯಿ ಬಿಟ್ರೆ ಇಡೀ ಬೀದಿ ಕಿವಿ ಕೊಡುತ್ತೆ.

ಇಲ್ಲಿ ಹಳೇ ಆಪರೇಷನ್ ಥಿಯೇಟರ್ ಕೆಡವ್ತಿದ್ದಾರೆ. ಹೊಸ ಹೃದಯದ ಬ್ಲಾಕಿನ ಬಾಗಿಲಲ್ಲಿ ಗಾಜಿನ ಬೀರು ಇಟ್ಟು, ಅದರಲ್ಲಿ ಹಳೇ ಕಾಲದ ಸಾಮಾನು ಜೋಡಿಸ್ತಾರಂತೆ, ಬಂದವರು ನೋಡಲಿ ಅಂತ. ಯಾವುದು ಏನು ಅಂತ ಹೇಳೋರು ಯಾರೂ ಉಳಿದಿಲ್ಲ. ಹಾಗಾಗಿ ಒಬ್ಬ ಎಳೇ ಡಾಕ್ಟರ್ ಮನೆ ಹುಡುಕ್ಕೊಂಡು ಬಂದ. "ಅಮ್ಮ, ಮೂವತ್ತೈದು ವರ್ಷ ಸಾಮಾನು ಕೋಣೆಯಲ್ಲಿ ಇದ್ದೋರು ನೀವು" ಅಂದ. ಇದ್ದೆ, ಕತ್ತರಿ ಚಿಮಟ ತೊಳೆದೆ, ಬೇಯಿಸಿದೆ, ಗಂಟು ಕಟ್ಟಿದೆ. ಸೊಂಟ ಹೋಯ್ತು. ಈಗ ನೆನಪಾಯ್ತು ಇವರಿಗೆ.

ಹೋದೆ. ತಗಡಿನ ದೊಡ್ಡ ತೊಟ್ಟಿ ಮುಂದೆ "ಬಟ್ಟೆ ಒಗೆಯುವ ತೊಟ್ಟಿ" ಅಂತ ಚೀಟಿ ಬರೆದಿಟ್ಟಿದ್ದ ಮಹಾರಾಯ! ಅದರಲ್ಲಿ ಐಸ್ ತುಂಬಿ ಮಕ್ಕಳನ್ನ ಮಲಗಿಸ್ತಿದ್ರು ಕಣಪ್ಪ ಅಂದೆ. ಮೈ ತಣ್ಣಗಾಗಿ ಹೃದಯ ಮೆತ್ತಗಾದ ಮೇಲೆ ಐದಾರು ನಿಮಿಷ ಸಿಗ್ತಿತ್ತು, ಅಷ್ಟರಲ್ಲಿ ತೂತು ಹೊಲಿದು ಮುಗಿಸಬೇಕು. ಅವನ ಮುಖ ನೋಡಬೇಕಿತ್ತು. ಆಮೇಲೆ ರಕ್ತ ತಿರುಗಿಸೋ ಮೊದಲನೇ ಮೆಷಿನ್. ಬೆಳಗ್ಗೆ ಹತ್ತು ಹನ್ನೆರಡು ಜನ ಸಾಲಾಗಿ ಕೂತು ರಕ್ತ ಕೊಟ್ರೇನೇ ಅದರ ಹೊಟ್ಟೆ ತುಂಬ್ತಿದ್ದದ್ದು. ಅದರ ನಳಿಗೆ ತೊಳೆದು ತೊಳೆದು ನನ್ನ ಉಗುರು ಉದುರಿದ್ವು. ಪಂಜರದೊಳಗೆ ಗುಂಡು ಇರೋ ಹೃದಯದ ಬಾಗಿಲು ಒಂದಿತ್ತು. ಅದನ್ನ ಹಾಕಿಸ್ಕೊಂಡೋರು ಪಕ್ಕದಲ್ಲಿ ಕೂತ್ರೆ ಗಡಿಯಾರದ ಅಂಗಡಿಯಲ್ಲಿ ಕೂತ ಹಾಗೆ ಟಿಕ್ ಟಿಕ್ ಕೇಳ್ತಿತ್ತು.

ಕೊನೆಗೆ ಆ ಕೊಕ್ಕು ಇತ್ತು, ಹಕ್ಕಿ ಬಾಯಿ ಹಾಗೆ ಬಿಚ್ಚೋ ಉಕ್ಕಿನ ಸಾಮಾನು. ಅದನ್ನ ನನ್ನ ಕೈಗೆ ಕೊಡೋಕೆ ಬಂದ. ನಾನು ತಗೊಳ್ಳಲಿಲ್ಲ. "ಇದು ಕೊಕ್ಕು, ಅಷ್ಟೇ ಬರ್ಕೋ" ಅಂದು ಮನೆಗೆ ಬಂದೆ. ಕಾಲು ನೋಯ್ತಿತ್ತು.

ಉದ್ದ ಬರಿ.

ಅಕ್ಕ


2 ಫೆಬ್ರವರಿ 1992

ಪ್ರೀತಿಯ ಅಕ್ಕನಿಗೆ,

ಮುನಿಸು ಏನೂ ಇಲ್ಲ. ಐವತ್ತು ವರ್ಷದ ಮೇಷ್ಟ್ರನ್ನು ಗುಬ್ಬಿ ಎಂದು ಕರೆದು ಬೈಯುವ ಕಾಗದಗಳು ನನ್ನ ವಿದ್ಯಾರ್ಥಿಗಳ ಕೈಗೆ ಸಿಕ್ಕರೆ ನನ್ನ ಗತಿಯೇನು ಎಂಬ ಭಯವೊಂದೇ.

ಕೆಲಸ ಚೆನ್ನಾಗಿ ನಡೆದಿದೆ. ಹೆಡ್‌ಮಾಸ್ಟರು ಒಳ್ಳೆಯವರು. ಮೂರನೇ ಮಹಡಿಯ ನನ್ನ ಗಣಿತದ ಕ್ಲಾಸನ್ನು ನೆಲಮಟ್ಟಕ್ಕೆ ಹಾಕಿಕೊಟ್ಟಿದ್ದಾರೆ. ಬೆಳಗ್ಗೆ ಪಕ್ಕದ ಮನೆಯವರು ಸ್ಕೂಟರಿನಲ್ಲಿ ಬಿಡುತ್ತಾರೆ, ನಡೆಯುವ ಸಮಯ ಉಳಿಯುತ್ತದೆ. ಮಲಗಿ ಓದುವ ಅಭ್ಯಾಸ ಹೆಚ್ಚಾಗಿದೆ, ಅದಕ್ಕೇ ಇವಳು ಮೂರನೇ ದಿಂಬು ಹೊಲಿದಿದ್ದಾಳೆ. ಹೀಗೆ ರಾಜನ ಹಾಗೆ ಇದ್ದೇನೆ.

ಗಾಜಿನ ಬೀರುವಿನ ಸುದ್ದಿ ಓದಿ ಮಗಳಿಗೆ ನನ್ನ ಕಥೆ ಹೇಳಿದೆ. ಸಣ್ಣವನಿದ್ದಾಗಿನ ಜ್ವರದಿಂದ ಹೃದಯದ ಒಂದು ಬಾಗಿಲು ಅಂಗಿಯ ಗುಂಡಿ ತೂತಿನಷ್ಟಾಗಿದ್ದದ್ದು, ಹತ್ತೊಂಬತ್ತನೇ ವಯಸ್ಸಿನಲ್ಲಿ, ನಾವು ಬೆರಳು ಡಾಕ್ಟರು ಎಂದು ಕರೆಯುತ್ತಿದ್ದವರು, ಬಡಿಯುವ ಹೃದಯದೊಳಗೆ ಒಂದು ಕಡೆಯಿಂದ ಬೆರಳು, ಇನ್ನೊಂದು ಕಡೆಯಿಂದ ಆ ಕೊಕ್ಕು ತೂರಿಸಿ, ಕಣ್ಣಿಗೆ ಏನೂ ಕಾಣದೆ ಬರೀ ಸ್ಪರ್ಶದಲ್ಲಿ ಬಾಗಿಲು ಬಿಡಿಸಿದ್ದು. ಅವಳು ನಂಬಲಿಲ್ಲ, ಅಂಗಿ ಎತ್ತಿ ಗಾಯದ ಗುರುತು ತೋರಿಸಿದೆ.

ಅದು ನನ್ನ ಕೊಕ್ಕು, ಅಕ್ಕ. ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ಹೇಳು: "ಪೂರ್ತಿ ತೆರೆಯಿತು." ಎಚ್ಚರವಾದಾಗ ಡಾಕ್ಟರು ಹೇಳಿದ ಮೊದಲ ಮಾತು ಅದು.

ಬೇಸಿಗೆಗೂ ಬರುವುದು ಅನುಮಾನ. ಪರೀಕ್ಷೆಯ ಕೆಲಸ.

ನಿನ್ನ ತಮ್ಮ


9 ಫೆಬ್ರವರಿ 1992

ಮೂರನೇ ದಿಂಬಾ?

ಲೋ, ಯಾರ ಕಿವಿಗೆ ಹೂ ಇಡ್ತೀಯ? ಹೃದಯದ ವಾರ್ಡಿನ ಮುಂದೆ ದಿನಾ ಓಡಾಡಿದೋಳು ನಾನು. ಒಂದು ದಿಂಬು ಆರೋಗ್ಯ, ಎರಡು ದಿಂಬು ಅನುಮಾನ, ಮೂರು ದಿಂಬು ಅಂದ್ರೆ ಅಡ್ಮಿಟ್. ಚಪ್ಪಟೆ ಮಲಗಿದ್ರೆ ಉಸಿರು ಕಟ್ಟುತ್ತೆ, ಅಲ್ವಾ? ಕೆಮ್ಮು ಬರುತ್ತೆ. ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೆ ಹೆಡ್‌ಮಾಸ್ಟರು ಒಳ್ಳೆಯೋರಾದ್ರು. ನಡೆಯೋಕಾಗಲ್ಲ, ಅದಕ್ಕೆ ಪಕ್ಕದ ಮನೆಯೋರು ಸ್ಕೂಟರ್ ತಗೊಂಡ್ರು. ಕವರ್ ಮೇಲಿನ ಅಕ್ಷರ ನಿನ್ನ ಮಗಳದ್ದು. ವಿಳಾಸ ಬರೆಯೋ ಹೊತ್ತಿಗೆ ಸುಸ್ತಾಗಿತ್ತಾ ರಾಜರಿಗೆ?

ಮೂರು ಸಾಲು ಯಾಕೆ ಬರೀತಿದ್ದೆ ಅಂತ ಈಗ ಗೊತ್ತಾಯ್ತು. ನಾನು ಮುನಿಸು ಅಂದ್ಕೊಂಡು ಒಂದು ವರ್ಷ ಬೈಕೊಂಡೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು.

ನಾಳೆನೇ ಡಾಕ್ಟರ್ ಹತ್ರ ಹೋಗು. ಪರೀಕ್ಷೆ ಪೇಪರು ಬೇರೆ ಯಾರಾದ್ರೂ ನೋಡ್ತಾರೆ.

ಅಕ್ಕ


1 ಮಾರ್ಚ್ 1992

ಅಕ್ಕ,

ನಿನಗೆ ಸುಳ್ಳು ಹೇಳುವುದು ಸೀನಿದ ಮೇಲೆ ಮೂಗು ಮುಚ್ಚಿಕೊಂಡ ಹಾಗೆ. ಹೋಗಿದ್ದೆ.

ಎದೆಯ ಮೇಲೆ ತಣ್ಣನೆಯದೇನನ್ನೋ ಹಚ್ಚಿ, ಒಂದು ಗುಂಡಿಯಂಥದ್ದನ್ನು ಒತ್ತಿ, ಶಬ್ದದಿಂದಲೇ ಚಿತ್ರ ತೆಗೆಯುತ್ತಾರೆ. ನನ್ನ ಹೃದಯವನ್ನು ನಾನೇ ಟೀವಿಯಲ್ಲಿ ನೋಡಿದೆ. ಮೀನು ಬಾಯಿ ತೆರೆಯಲಾಗದೆ ಒದ್ದಾಡುವ ಹಾಗಿತ್ತು. ಬಾಗಿಲು ಮತ್ತೆ ಮುಚ್ಚಿಕೊಂಡಿದೆ. ಇಲ್ಲಿನ ಹೃದಯದ ಡಾಕ್ಟರು ಒಬ್ಬ ಹೆಣ್ಣುಮಗಳು, ನನ್ನ ಮಗಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬಹುದು. ಎದೆ ಕೊಯ್ಯುವ ಅಗತ್ಯವಿಲ್ಲ, ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳನೆಯ ನಳಿಗೆ ತೂರಿಸಿ, ಅದರ ತುದಿಯ ಬಲೂನನ್ನು ಬಾಗಿಲ ನಡುವೆ ಉಬ್ಬಿಸುತ್ತೇವೆ ಎಂದರು.

ನಾನು ಬೇಡ ಎಂದೆ.

ಸಿಟ್ಟಾಗದೆ ಓದು. ಬೆರಳು ಡಾಕ್ಟರಂಥವರು ಅಂದು ಪೂರ್ತಿ ತೆರೆದರು. ಪೂರ್ತಿ ತೆರೆದದ್ದೂ ಮುಚ್ಚಿಕೊಂಡಿತು ಎಂದರೆ, ಮುಚ್ಚುವುದೇ ಈ ಮೈಯ ಇಷ್ಟ. ಮತ್ತೆ ತೆರೆದರೆ ಮತ್ತೆ ಮುಚ್ಚೀತು. ಮೂವತ್ತೊಂದು ವರ್ಷ ಸಿಕ್ಕಿತು, ಹೆಂಡತಿ ಬಂದಳು, ಮಗಳು ಬಂದಳು. ಉಳಿದ ಲೆಕ್ಕವನ್ನು ಮತ್ತೆ ಬಿಡಿಸಲು ನನಗೆ ಆಯಾಸ. ನಿಜವಾಗಿಯೂ ಆಯಾಸ, ಅಕ್ಕ. ಈ ಕಾಗದ ಬರೆಯಲು ಎರಡು ದಿನ ಹಿಡಿಯಿತು.

ಇವಳಿಗೆ ಇನ್ನೂ ಹೇಳಿಲ್ಲ. ನೀನೂ ಬರೆಯಬೇಡ.

ನಿನ್ನ ತಮ್ಮ


6 ಮಾರ್ಚ್ 1992

ಪೆದ್ದ. ಶುದ್ಧ ಪೆದ್ದ. ಓದಿದ್ದೆಲ್ಲ ಗಂಟು ಕಟ್ಟಿ ಅಟ್ಟದ ಮೇಲೆ ಇಡು.

ಇನ್ನೂ ಬರೀಬೇಕು. ಇವತ್ತಲ್ಲ.

ಅಕ್ಕ


12 ಮಾರ್ಚ್ 1992

ಗುಬ್ಬಿ,

ಆರು ದಿನದಿಂದ ಬರೆದು ಹರಿದು ಹಾಕ್ತಿದ್ದೀನಿ. ಈಗ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲ. ಇದನ್ನ ಹರಿಯಲ್ಲ. ನೀನೂ ಕೊನೆವರೆಗೂ ಓದದೆ ಬಿಸಾಡಬೇಡ.

ಆ ಕೊಕ್ಕಿನ ಹಿಡಿಯಲ್ಲಿ ಒಂದು ತಿರುಪು ಇದೆ. ಒಳಗೆ ಹೋದ ಮೇಲೆ ಕೊಕ್ಕು ಎಷ್ಟು ಬಿಚ್ಚಬಹುದು ಅಂತ ತಡೆಯೋದು ಆ ತಿರುಪು. ಬೆರಳು ಡಾಕ್ಟರು ಹಿಂದಿನ ದಿನವೇ ತಾವೇ ಕೂತು, ಗೆರೆ ನೋಡಿ, ತಿರುಪು ಬಿಗಿದು ನನಗೆ ಕೊಡ್ತಿದ್ರು. ತೊಳೆದು, ಬಟ್ಟೆಯಲ್ಲಿ ಸುತ್ತಿ, ಬೇಯಿಸಿ ಇಡೋದು ನನ್ನ ಕೆಲಸ. ಆಮೇಲೆ ಥಿಯೇಟರಿನಲ್ಲೇ ಬಿಚ್ಚೋದು. ಮಧ್ಯೆ ಯಾರೂ ನೋಡ್ತಿರಲಿಲ್ಲ, ಯಾಕಂದ್ರೆ ನಾನು ತಪ್ಪು ಮಾಡೋಳಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ನಿನ್ನ ಆಪರೇಷನ್ ಶುಕ್ರವಾರ. ಆ ಮಂಗಳವಾರ ಬೇಕರಿಯವನ ಮಗಳಿಗೆ ಮಾಡಿದ್ರು. ನಿನ್ನದೇ ವಯಸ್ಸು. ವಾರ್ಡಿನಲ್ಲಿ ನಿನ್ನ ಎದುರು ಮಂಚ, ಜ್ಞಾಪಕ ಇದೆಯಾ, ಎರಡು ಜಡೆ ಹಾಕ್ಕೊಂಡು ನಿನ್ನ ಗಣಿತದ ಪುಸ್ತಕ ಇಸ್ಕೊಂಡಿದ್ದಳು. ಅವಳದ್ದು ಪೂರ್ತಿ ತೆರೀತು. ಪೂರ್ತಿಗಿಂತ ಒಂಚೂರು ಜಾಸ್ತಿನೇ ತೆರೀತು, ಬಾಗಿಲು ಹರೀತು. ಮುಂದಕ್ಕೆ ಹೋಗಬೇಕಾದ ರಕ್ತ ಹಿಂದಕ್ಕೆ ನುಗ್ಗಿತು. ಗುರುವಾರ ಬೆಳಗ್ಗೆ ಅವಳ ಮಂಚದ ಹಾಸಿಗೆ ಸುತ್ತಿಟ್ಟಿದ್ರು. ಬೇರೆ ವಾರ್ಡಿಗೆ ಹಾಕಿದ್ದಾರೆ ಅಂತ ನಿನಗೆ ಸುಳ್ಳು ಹೇಳಿದ್ದು ನಾನೇ.

ಅವಳ ರಕ್ತ ತೊಳೆದ ಕೈಯಲ್ಲೇ ಅದೇ ಮಧ್ಯಾಹ್ನ ಕೊಕ್ಕು ಮತ್ತೆ ನನ್ನ ಕೈಗೆ ಬಂತು, ನಿನಗೋಸ್ಕರ ಬಿಗಿದದ್ದು. ದೊಡ್ಡ ಸಿಸ್ಟರ್ ಊಟಕ್ಕೆ ಹೋಗಿದ್ರು. ಸ್ಟೋವ್ ಮೇಲೆ ನೀರು ಕುದೀತಿತ್ತು. ತಿರುಪನ್ನ ಎರಡು ಸುತ್ತು ಹಿಂದಕ್ಕೆ ತಿರುಗಿಸಿದೆ, ಕೊಕ್ಕು ಅಷ್ಟು ಕಮ್ಮಿ ಬಿಚ್ಚಲಿ ಅಂತ. ಒಂದು ಸಾಕು ಅನ್ನಿಸಿತ್ತು. ಎರಡು ಮಾಡಿದೆ. ಸುತ್ತಿ, ಗಂಟು ಹಾಕಿ, ಬೇಯಿಸಿಟ್ಟೆ.

ಶುಕ್ರವಾರ ಬಾಗಿಲ ಹಿಂದೆ ನಿಂತಿದ್ದೆ. ಡಾಕ್ಟರು "ಪೂರ್ತಿ ತೆರೀತು" ಅಂದದ್ದು ನನಗೂ ಕೇಳಿಸ್ತು. ಕೊಕ್ಕು ಎಲ್ಲಿಗೆ ನಿಂತಿತೋ ಅದೇ ಪೂರ್ತಿ ಅಂದ್ಕೊಂಡ್ರು. ನಾನು ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತೆ ಅಂತ ಮೊದಲು. ಆಮೇಲೆ ನೀನು ಗುಣವಾಗ್ತಿದ್ದೀಯ ಅಂತ. ಆಮೇಲೆ ಇಷ್ಟು ದಿನ ಹೇಳದೆ ಈಗೇನು ಅಂತ. ಹಾಗೇ ಮೂವತ್ತೊಂದು ವರ್ಷ ಆಯ್ತು.

ಇನ್ನೊಂದು ಇದೆ, ಅದೂ ಬರೆದುಬಿಡ್ತೀನಿ. ಮಾರನೇ ವಾರ ಬೇರೆಯವರ ಸರದಿ ಬಂತು. ಡಾಕ್ಟರು ಬಿಗಿದುಕೊಟ್ಟದ್ದನ್ನ ಹಾಗೇ ಇಟ್ಟೆ, ಮುಟ್ಟಲಿಲ್ಲ. ಬೇರೆಯವರ ಮಕ್ಕಳಿಗೆ ಡಾಕ್ಟರ ಲೆಕ್ಕ, ನನ್ನ ತಮ್ಮನಿಗೆ ಮಾತ್ರ ನನ್ನ ಲೆಕ್ಕ. ಅವರಲ್ಲಿ ಕೆಲವರು ಈಗಲೂ ಸಂತೆಯಲ್ಲಿ ಸಿಗ್ತಾರೆ, ನಿನಗಿಂತ ಗಟ್ಟಿ ಇದ್ದಾರೆ, ಗೋಣಿಚೀಲ ಹೊರ್ತಾರೆ. ಕೆಲವರು ಆಗಲೇ ಹೋದ್ರು.

ನಿನಗೆ ಸರ್ವೆ ಕೆಲಸಕ್ಕೆ ಸೇರಿ ಗುಡ್ಡ ಬೆಟ್ಟ ಅಳೆಯೋ ಆಸೆ ಇತ್ತು. "ನಿನ್ನ ಹೃದಯಕ್ಕೆ ಅದು ಆಗಿಬರಲ್ಲ, ಮೇಷ್ಟ್ರಾಗು" ಅಂತ ಅರ್ಜಿ ಕಿತ್ಕೊಂಡದ್ದೂ ನಾನು. ಆಗಿಬರಲ್ಲ ಅಂತ ನನಗೆ ಅಷ್ಟು ಖಾತ್ರಿಯಾಗಿ ಹೇಗೆ ಗೊತ್ತಿತ್ತು ಅಂತ ನೀನು ಒಂದು ದಿನಾನೂ ಕೇಳಲಿಲ್ಲ.

ಈಗ ಸರಿಯಾಗಿ ಕೇಳಿಸ್ಕೋ. ನಿನ್ನ ಬಾಗಿಲು ಪೂರ್ತಿ ತೆರೆದೇ ಇರಲಿಲ್ಲ. ಅದು ಮುಚ್ಚಿಕೊಂಡದ್ದು ಮೈಯ ಇಷ್ಟವೂ ಅಲ್ಲ, ಹಣೆಬರಹವೂ ಅಲ್ಲ. ನಾನು. ಹಣೆಬರಹದ ಹತ್ರ ಜಗಳ ಆಡೋಕಾಗಲ್ಲ, ನನ್ನ ಹತ್ರ ಆಡಬಹುದು. ಆಡು. ಆದ್ರೆ ಮೊದಲು ಹೋಗಿ ತೆರೆಸ್ಕೋ.

ಅಕ್ಕ


6 ಏಪ್ರಿಲ್ 1992

ಗುಬ್ಬಿ,

ಅಂಚೆಯವನು ನನ್ನ ಮನೆ ಮುಂದೆ ಬಂದಾಗ ಸೈಕಲ್ ಜೋರಾಗಿ ತುಳೀತಾನೆ. ನಿನ್ನೆ ನಿಲ್ಲಿಸಿ ಚೀಲ ಸುರಿಸಿದೆ. "ಅಜ್ಜಿ, ನಾನೇ ಬರೆದು ಹಾಕ್ಲಾ ಒಂದು?" ಅಂದ. ಅವನಿಗೂ ಬೈದೆ.

ಕಾಗದ ಸೇರಿತೋ ಇಲ್ಲವೋ ಅಷ್ಟನ್ನಾದ್ರೂ ತಿಳಿಸು.

ಅಕ್ಕ


27 ಏಪ್ರಿಲ್ 1992

ಬೈದಾದ್ರೂ ಬರಿ.

ನಿನ್ನ ಹೆಂಡತಿಗೆ ಬರೆಯೋಣ ಅಂತ ಕೂತೆ. ನೀನು ಬೇಡ ಅಂದಿದ್ದೆ. ಬರೆಯಲಿಲ್ಲ. ನೋಡು, ನಿನ್ನ ಮಾತು ಒಂದನ್ನಾದ್ರೂ ಕೇಳಿದ್ದೀನಿ.

ಅಂಗಡಿಯವನ ಫೋನ್ ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ಆ ಕಡೆ ನೀನೇ ಇಲ್ಲ ಅಂತ ಯಾರಾದ್ರೂ ಹೇಳಿಬಿಟ್ರೆ?

ಅಕ್ಕ


9 ಮೇ 1992

ಅಕ್ಕ,

ಇದ್ದೇನೆ. ಆಸ್ಪತ್ರೆಯಲ್ಲಿದ್ದೇನೆ. ಕಿಟಕಿ ಪಕ್ಕದ ಮಂಚ, ನಾಲ್ಕು ದಿಂಬು.

ಎಂಟು ವಾರ ಬರೆಯಲಿಲ್ಲ. ಶಕ್ತಿ ಇರಲಿಲ್ಲ ಎಂದರೆ ಅರ್ಧ ನಿಜ. ಸಿಟ್ಟಿತ್ತು. ನನಗೆ ಸಿಟ್ಟು ಬರುವುದಿಲ್ಲ ಎಂದು ನೀನೇ ಎಲ್ಲರಿಗೂ ಹೇಳುತ್ತಿದ್ದೆ, ಮನೆಗೆ ಒಬ್ಬರ ಸಿಟ್ಟೇ ಸಾಕೆಂದು ನಾನು ಸುಮ್ಮನಿದ್ದೆ, ಅಷ್ಟೆ. ನಿನ್ನ ಕಾಗದ ಓದಿದ ದಿನ ಸ್ಕೂಲಿನ ಗೋಡೆಯ ಭೂಪಟದ ಮುಂದೆ ಬಹಳ ಹೊತ್ತು ನಿಂತಿದ್ದೆ. ಗುಡ್ಡಗಳನ್ನೆಲ್ಲ ಕಂದು ಬಣ್ಣದಲ್ಲಿ ಹಾಕಿರುತ್ತಾರೆ. ನಾನು ಒಂದನ್ನೂ ಹತ್ತಲಿಲ್ಲ.

ತಿರುಪಿನ ಮೇಲೆ ನನ್ನ ಸಿಟ್ಟಿಲ್ಲ. ನೀನು ನನ್ನನ್ನು ಕೇಳಲಿಲ್ಲ. ಹತ್ತೊಂಬತ್ತು ವರ್ಷದವನಿಗೆ "ಎದುರು ಮಂಚದವಳು ಸತ್ತಳು, ನನಗೆ ಹೆದರಿಕೆ ಆಗುತ್ತಿದೆ" ಎಂದು ಒಂದು ಮಾತು ಹೇಳಬಹುದಿತ್ತು. ನನಗೂ ಹೆದರಿಕೆ ಆಗುತ್ತಿತ್ತು. ಇಬ್ಬರೂ ಒಟ್ಟಿಗೆ ಹೆದರಬಹುದಿತ್ತು. ಅವಳು ಬೇರೆ ವಾರ್ಡಿನಲ್ಲಿದ್ದಾಳೆಂದು ಬಿಡುಗಡೆಯ ದಿನ ನಾನು ಹುಡುಕಿಕೊಂಡು ಹೋಗಿದ್ದೆ ಗೊತ್ತೇ? ಪುಸ್ತಕ ವಾಪಸು ಕೇಳಲಲ್ಲ.

ಇಲ್ಲಿನ ಡಾಕ್ಟರಿಗೆ ನಿನ್ನ ಕಾಗದ ಓದಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಪೂರ್ತಿ ತೆರೆದಿದ್ದರೆ ಇನ್ನೂ ಹತ್ತು ವರ್ಷ ಆರಾಮಾಗಿ ಇರುತ್ತಿದ್ದಿರೇನೋ, ಅಥವಾ ಆ ವಾರವೇ ಹರಿದು ಹೋಗುತ್ತಿದ್ದಿರೇನೋ, ಯಾರೂ ಹೇಳಲಾರರು ಎಂದರು. ಆ ಕಾಲದಲ್ಲಿ ಬೆರಳೇ ಕಣ್ಣು. ಆ ಬೆರಳಿಗೆ ಬಾಗಿಲು ಕಿರಿದೆಂದು ತಿಳಿದೇ ಇರಬಹುದು, ಇಷ್ಟು ಸಾಕೆಂದು ಬಿಟ್ಟಿರಲೂಬಹುದು ಎಂದೂ ಹೇಳಿದರು. ಕೇಳೋಣವೆಂದರೆ ಬೆರಳು ಡಾಕ್ಟರು ಹೋಗಿ ಹತ್ತು ವರ್ಷವಾಯಿತು.

ಬಲೂನನ್ನು ಎಷ್ಟಕ್ಕೆ ನಿಲ್ಲಿಸುತ್ತೀರಿ ಎಂದು ಕೇಳಿದೆ. "ಸ್ವಲ್ಪ ಉಬ್ಬಿಸುತ್ತೇನೆ, ಟೀವಿಯಲ್ಲಿ ನೋಡುತ್ತೇನೆ. ಸೋರದಿದ್ದರೆ ಇನ್ನೂ ಸ್ವಲ್ಪ. ಸೋರುವ ಲಕ್ಷಣ ಕಂಡರೆ ಅಲ್ಲಿಗೆ ಸಾಕು" ಎಂದರು. ಅಕ್ಕ, ನೀನು ಕಣ್ಣು ಮುಚ್ಚಿಕೊಂಡು ಮಾಡಿದ್ದನ್ನೇ ಅವರು ಕಣ್ಣು ಬಿಟ್ಟುಕೊಂಡು ಮಾಡುತ್ತಾರೆ. ಆಗಲಿ ಎಂದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಸುಳ್ಳಾಗುತ್ತದೆ, ಇನ್ನೂ ಬಂದಿಲ್ಲ. ಬಂದಾಗ ಹೇಳುತ್ತೇನೆ.

ಇಪ್ಪತ್ತನೇ ತಾರೀಕು ಗೊತ್ತಾಗಿದೆ. ಒಪ್ಪಿಗೆ ಕಾಗದದಲ್ಲಿ ಎರಡು ಸಹಿ ಬೇಕು. ಮೇಲಿನದು ನಾನು ಹಾಕಿದ್ದೇನೆ. ಕೆಳಗೆ ಮನೆಯವರೊಬ್ಬರದ್ದು. ಇವಳು ಕೈ ಚಾಚಿದಳು, ಬೇಡ ಎಂದೆ. ಮುಖ ಊದಿಸಿಕೊಂಡಿದ್ದಾಳೆ, "ಅತ್ತಿಗೆ ಬರೋವರೆಗೆ ಬಾಗಿಲೇ ತೆರೆಯಲ್ವಂತೆ ಇವರು" ಎಂದು ನರ್ಸಿಗೆ ದೂರು ಹೇಳುತ್ತಿದ್ದಾಳೆ. ಅರವತ್ತೊಂದರಲ್ಲಿ ನೀನು ಓದದೆ ಸಹಿ ಹಾಕಿದ್ದೆ, ನಾನು ಮಂಚದಿಂದ ನೋಡುತ್ತಿದ್ದೆ.

ಬಾ. ಈ ಸಲ ಓದಿ ಹಾಕು.

ನಿನ್ನ ಗುಬ್ಬಿ


14 ಮೇ 1992

ಗುಬ್ಬಿ,

ಹದಿನೇಳಕ್ಕೆ ರೈಲು. ಈ ಕಾಗದ ನನಗಿಂತ ಹಿಂದೆ ಬಂದ್ರೂ ಬರಬಹುದು, ಅಂಚೆಯವನ ಕಾಲು ನನ್ನದಕ್ಕಿಂತ ಕಡೆ. ಆದ್ರೂ ಬರೀತಿದ್ದೀನಿ. ಎದುರು ಬಂದಾಗ ನನಗೆ ಮಾತು ಬರಲ್ಲ, ಬೈಗುಳ ಬರುತ್ತೆ.

ಆ ಹುಡುಗಿಯನ್ನ ಹುಡುಕ್ಕೊಂಡು ಹೋಗಿದ್ದೆ ಅಂತ ಬರೆದಿದ್ದೀಯ. ಆ ಸಾಲು ಓದಿ ಕಾಗದ ಮಡಿಚಿಟ್ಟು ಪಾತ್ರೆ ತೊಳೆದೆ. ಆಗಲೇ ತೊಳೆದಿದ್ದ ಪಾತ್ರೆ.

ಕ್ಷಮಿಸೋದು ಗಿಮಿಸೋದು ಅವಸರ ಇಲ್ಲ. ಉಸಿರು ಉಳಿಸ್ಕೋ.

ನಿನ್ನೆ ಗಾಜಿನ ಬೀರು ನೋಡೋಕೆ ಹೋಗಿದ್ದೆ. ಕೊಕ್ಕು ಕೈಗೆ ಕೊಡು ಅಂದೆ. ಕೊಟ್ಟ. ತಿರುಪು ಕಚ್ಚಿಕೊಂಡಿದೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಷ್ಟು ಹಗುರ ಇತ್ತಾ ಅದು? ನನ್ನ ನೆನಪಲ್ಲಿ ಕಲ್ಲಿನ ಹಾಗಿತ್ತು. ಚೀಟಿ ನಾನೇ ಬರೆದೆ: "ಕೊಕ್ಕು. ಮುಚ್ಚಿದ ಹೃದಯದ ಬಾಗಿಲು ಬಿಡಿಸೋದು. ಎಷ್ಟು ಬಿಡಿಸಬೇಕು ಅನ್ನೋದು ಹಿಡಿಯ ತಿರುಪಲ್ಲಿ." ಎಳೇ ಡಾಕ್ಟರ್ ಎರಡು ಅಕ್ಷರ ತಿದ್ದಿದ. ತಿದ್ಕೊಳ್ಳಲಿ ಅಂತ ಬಿಟ್ಟೆ. ಪೂರ್ತಿ ತೆರೆಯಿತು ಅಂತ ಹಾಕಿಸಲಿಲ್ಲ.

ನಿನ್ನ ಹೆಂಡತಿಗೆ ಹೇಳು, ಊದಿಸ್ಕೊಂಡ ಮುಖ ಹಾಗೇ ಇಟ್ಕೊಂಡಿರಲಿ, ಬಂದು ನೋಡ್ತೀನಿ.

ಅಲ್ಲಿ ನಾನು ಏನನ್ನೂ ಮುಟ್ಟಲ್ಲ. ಸಾಮಾನು ಕೋಣೆ ಯಾವ ಕಡೆ ಅಂತಾನೂ ಕೇಳಲ್ಲ. ಹೊರಗಿನ ಬೆಂಚಿನ ಮೇಲೆ ಕೈ ಕಟ್ಕೊಂಡು ಕೂತಿರ್ತೀನಿ. ಹೆದರಿಕೆ ಆಗ್ತಿದೆ ಕಣೋ. ಹೇಳು ಅಂದ್ಯಲ್ಲ, ಹೇಳಿದ್ದೀನಿ.

ಕನ್ನಡಕ ತರ್ತೀನಿ. ಆ ಕಾಗದದ ಒಂದೊಂದು ಅಕ್ಷರನೂ ಕೂಡಿಸಿ ಓದ್ತೀನಿ. ಹೊತ್ತಾಗುತ್ತೆ. ಕಾಯಲಿ ಎಲ್ಲರೂ.

ಅಕ್ಕ